ವಿಡಿಯೋದಲ್ಲಿ ಅತ್ತೆ ಹೇಳಿದ್ದು, ಕೋರ್ಟಿನಲ್ಲಿ ಹೇಳಬೇಕಾದ್ದು

ಪ್ರಶ್ನೆ: ನಾವು ಕಾಸರಗೋಡಿನ ಪೆರ್ಲದ ಹತ್ತಿರದವರು. 2024ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ನಮ್ಮ ಮನೆಯಿಂದ ತೋಡು (ಸಣ್ಣ ಹಳ್ಳ) ದಾಟಿದರೆ ಸಿಗುವ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿಯ ಕೊಲೆಯಾಯಿತು. ಕುತ್ತಿಗೆಯಲ್ಲಿದ್ದ ಸರ ಹೋಗಿತ್ತು. ಮುಸ್ಸಂಜೆ ಹೊತ್ತಿಗೆ ಒಬ್ಬ ತೋಡು ದಾಟಿ ಓಡಿದ್ದನ್ನು ದನದ ಹಟ್ಟಿಯಿಂದ ಬರುತ್ತಿದ್ದ ನಮ್ಮ ಅತ್ತೆ ನೋಡಿದ್ದರು. ಮರುದಿನ ಪೊಲೀಸರಿಗೆ "ಪ್ಯಾಂಟು ಹಾಕಿದ ಸಪೂರದ ಒಬ್ಬ, ಮುಖ ಸರಿ ಕಾಣಲಿಲ್ಲ" ಎಂದಿದ್ದರು. ವಾರದೊಳಗೆ ಒಬ್ಬನನ್ನು ಹಿಡಿದರು. ಅವನಿಂದ ಸರ ಸಿಕ್ಕಿತು ಅಂತ ಪೇಪರಿನಲ್ಲಿ ಬಂತು. ಆಮೇಲೆ ಮಂಗಳೂರಿನ ಒಂದು ಕ್ರೈಂ ಚಾನೆಲ್‌ನವರು ಯೂಟ್ಯೂಬಿಗೆ ಅಂತ ಅತ್ತೆಯನ್ನು ಮಾತಾಡಿಸಿದರು. ಫೋನಿನಲ್ಲಿ ಅವನ ಫೋಟೋ ತೋರಿಸಿ "ಇವನೇ ಅಲ್ವಾ ಅಮ್ಮ?" ಎಂದು ಕೇಳಿದಾಗ ಅತ್ತೆ "ಇವನೇ, ಮುಖ ನೋಡಿದ್ದೇನೆ" ಎಂದುಬಿಟ್ಟರು. ನನ್ನ ಮಗನೂ (ಆಗ 11 ವರ್ಷ) ಅದರಲ್ಲಿ ಮಾತಾಡಿದ್ದಾನೆ. ನಾಲ್ಕು ದಿನ ಬಿಟ್ಟು ಪೊಲೀಸರು ಅತ್ತೆಯನ್ನು ಸಬ್ ಜೈಲಿಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದವರಲ್ಲಿ ಅವನನ್ನು ತೋರಿಸಲು ಹೇಳಿದರು. ಅತ್ತೆ ತೋರಿಸಿದರು.

ಈಗ ಕಾಸರಗೋಡು ಕೋರ್ಟಿನಿಂದ ಸಮನ್ಸ್ ಬಂದಿದೆ. ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದ್ದಾರೆ, ಕೇಸು ಗಟ್ಟಿಯಾಯಿತು ಅಂತ ಊರಿನವರು ಹೇಳುತ್ತಾರೆ. ನನ್ನ ಅಣ್ಣ ಮಾತ್ರ ಇದರಿಂದಲೇ ಕೇಸು ಬೀಳುತ್ತದೆ ಎನ್ನುತ್ತಾನೆ. ವಿಡಿಯೋ ತೆಗೆಸಿಬಿಡಬೇಕಾ? ಅತ್ತೆ ಕೋರ್ಟಿನಲ್ಲಿ ಬೇರೆ ಹೇಳಿದರೆ ಶಿಕ್ಷೆಯಾಗುತ್ತದಾ? ಇನ್ನೊಂದು ಚಾನೆಲ್‌ನವರು ಕರೆ ಮಾಡುತ್ತಿದ್ದಾರೆ, ಮಾತಾಡಬಹುದಾ? ಆರೋಪಿ ಜಾಮೀನಿನಲ್ಲಿ ಹೊರಗಿದ್ದಾನೆ. ಅವನ ಕಡೆಯವರೊಬ್ಬರು ಅಂಗಡಿಯಲ್ಲಿ ಸಿಕ್ಕಿ "ವಿಡಿಯೋದಲ್ಲಿ ಚೆಂದ ಮಾತಾಡಿದ್ದೀರಿ" ಎಂದು ನಕ್ಕು ಹೋದರು. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ. ನಿಜ ಹೇಳಬೇಕೆಂದರೆ ನಾನೂ ಇಂಥ ಕ್ರೈಂ ಕಥೆಗಳನ್ನು ದಿನಾ ರಾತ್ರಿ ನೋಡುವವಳೇ.
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವಿದ್ದರೂ ಹೆದರಿಕೆ ಒಂದೇ. ಅಜ್ಜಿಗೆ ನ್ಯಾಯ ಸಿಗಲಿ ಎಂದು ಆಡಿದ ಮಾತು ಅಜ್ಜಿಯ ಕೇಸಿಗೇ ಮುಳುವಾಯಿತೇ ಎಂಬುದು. ಕೇಸು ಗಟ್ಟಿಯಾಯಿತು ಎನ್ನುವ ಊರಿನವರ ಮಾತಿನಲ್ಲಿ ಹುರುಳಿಲ್ಲ. ಬಿದ್ದೇ ಹೋಗುತ್ತದೆ ಎನ್ನುವ ನಿಮ್ಮ ಅಣ್ಣನವರು ಸತ್ಯಕ್ಕೆ ಸ್ವಲ್ಪ ಹತ್ತಿರ ಇದ್ದಾರೆ, ಆದರೆ ಅವರೂ ಪೂರ್ತಿ ಸರಿಯಲ್ಲ. ಪೆಟ್ಟಂತೂ ಬಿದ್ದಿದೆ. ಅದು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಸರದ ರಿಕವರಿ ಎಷ್ಟು ಗಟ್ಟಿಯಾಗಿದೆ, ಅತ್ತೆಯವರು ಕಟಕಟೆಯಲ್ಲಿ ನಿಂತು ಏನು ಹೇಳುತ್ತಾರೆ ಎಂಬುದರ ಮೇಲಿದೆ.

ನಾನು ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಕ್ರಿಮಿನಲ್ ಕೇಸು ನಡೆಸುವವನು, ಹೆಚ್ಚಾಗಿ ಆರೋಪಿಗಳ ಪರ. ಹಾಗಾಗಿ ಇಂಥ ವಿಡಿಯೋ ಕೋರ್ಟಿನಲ್ಲಿ ಯಾರ ಕೈಗೆ ಆಯುಧವಾಗುತ್ತದೆ ಎಂಬುದನ್ನು ಆ ಕಡೆಯಿಂದಲೇ ಕಂಡವನು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಲಕ್ಷ ಜನ ನೋಡಿದ್ದಾರೆ, ಇನ್ನು ಜಡ್ಜರು ಬಿಡುವುದುಂಟೇ ಎಂಬ ನಂಬಿಕೆ ಹಳೆಯದು. ಒಂದು ಕಾಲದಲ್ಲಿ ಅದಕ್ಕೆ ಕಾರಣವೂ ಇತ್ತು. 1959ರಲ್ಲಿ ಬಾಂಬೆಯ ನೌಕಾಪಡೆ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದಾಗ ಒಂದು ವಾರಪತ್ರಿಕೆ ಆತನ ಪರ ಟೊಂಕ ಕಟ್ಟಿ ನಿಂತಿತ್ತು. ಆಗ ಇನ್ನೂ ಸಾಮಾನ್ಯ ಜನರೇ ಕೂತು ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಜ್ಯೂರಿ ಪದ್ಧತಿ ಇತ್ತು. ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಆತ ನಿರ್ದೋಷಿ ಎಂದರು. ಸೆಷನ್ಸ್ ಜಡ್ಜರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವಾಗ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಈಗ ನಿಮ್ಮ ಕೇಸು ತೀರ್ಮಾನಿಸುವುದು ಒಬ್ಬ ಸೆಷನ್ಸ್ ಜಡ್ಜರು. ಯಾವ ಸಾಕ್ಷಿಯನ್ನು ಯಾಕೆ ನಂಬಿದೆ, ಯಾವುದನ್ನು ಯಾಕೆ ಬಿಟ್ಟೆ ಎಂದು ಅವರು ಕಾರಣ ಬರೆಯಬೇಕು. ಆ ಕಾರಣ ಎರ್ನಾಕುಳಂನ ಹೈಕೋರ್ಟಿನಲ್ಲಿ ನಿಲ್ಲಬೇಕು. ಯೂಟ್ಯೂಬಿನಲ್ಲಿ ಎಷ್ಟು ಮಂದಿ ನೋಡಿದರು ಎಂಬುದನ್ನು ಬರೆಯಲು ತೀರ್ಪಿನಲ್ಲಿ ಕಾಲಂ ಇಲ್ಲ.

ಜಡ್ಜರೂ ಮನುಷ್ಯರೇ, ಅವರ ಫೋನಿಗೂ ಅದೇ ವಿಡಿಯೋ ಬಂದೀತು. ಆದರೆ ಈ ಗದ್ದಲದ ಒತ್ತಡವನ್ನು ನಾನು ಕಂಡದ್ದು ತೀರ್ಪಿನ ಹೊತ್ತಿನಲ್ಲಿ ಅಲ್ಲ, ಅದಕ್ಕಿಂತ ಬಹಳ ಮೊದಲು. ಜಾಮೀನು ಅರ್ಜಿ ಬರುವಾಗ, ನಾಳೆ ಪ್ರೆಸ್‌ಮೀಟ್ ಇದೆ ಎಂದು ಇವತ್ತೇ ಯಾರನ್ನಾದರೂ ಹಿಡಿದು ತೋರಿಸಬೇಕಾದಾಗ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು, ಏನು ಹೇಳಬಾರದು ಎಂದು ನಿಯಮ ರೂಪಿಸುವಂತೆ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿದ್ದು ಸುಮ್ಮನೆ ಅಲ್ಲ. ನಮ್ಮ ಕೇರಳ ಹೈಕೋರ್ಟಿನ ಐದು ಜಡ್ಜರ ಪೀಠ 2024ರ ನವೆಂಬರಿನಲ್ಲಿ ಇನ್ನೂ ನೇರವಾಗಿ ಹೇಳಿತು: ತನಿಖೆ ನಡೆಯುತ್ತಿರುವಾಗ, ಕೇಸು ಬಾಕಿ ಇರುವಾಗ ಯಾರು ತಪ್ಪಿತಸ್ಥ ಎಂದು ತೀರ್ಪು ಕೊಡುವುದು ಮಾಧ್ಯಮದ ಹಕ್ಕಲ್ಲ, ಅದು ಕೋರ್ಟಿನ ಕೆಲಸ. (2025ರಲ್ಲಿ ಧರ್ಮಸ್ಥಳದ ದೂರಿನ ಸುತ್ತ ಎದ್ದ ವಿಡಿಯೋಗಳ ಬಗ್ಗೆ ಬರೆಯಿರಿ ಎಂದು ಹಲವರು ಕೇಳುತ್ತಾರೆ. ಇದೇ ಕಾರಣಕ್ಕೆ ನಾನು ಬರೆಯುವುದಿಲ್ಲ.)

ಹಾಗಾದರೆ ಪೆಟ್ಟು ಬೀಳುವುದು ಎಲ್ಲಿಗೆ? ಸಾಕ್ಷಿಗೆ.

ನಿಮ್ಮ ಅತ್ತೆಯವರು ಮುಸ್ಸಂಜೆಯಲ್ಲಿ ಕಂಡದ್ದು ಒಂದು ಗಳಿಗೆಯ ನೋಟ. ಆಟಿಯ ಮಳೆ, ಕತ್ತಲು, ತೋಡಿನ ಆಚೆ ಓಡುವ ಮನುಷ್ಯ. ಅದಾದ ಮೇಲೆ ಅವರು ಆ ಫೋಟೋವನ್ನು ಎಷ್ಟು ಸಲ ನೋಡಿರಬಹುದು, ಲೆಕ್ಕ ಹಾಕಿ. ಚಾನೆಲ್‌ನವರ ಫೋನಿನಲ್ಲಿ, ವಿಡಿಯೋ ಬಂದ ಮೇಲೆ ಮನೆಯವರ ಫೋನಿನಲ್ಲಿ, ನೆಂಟರು ಬಂದಾಗ ಮತ್ತೆ. ನಡುನಡುವೆ ಆ ಹಿನ್ನೆಲೆ ಸಂಗೀತ, ಯಾರೋ ನಟರು ಓಡುವ ದೃಶ್ಯ. ಇಷ್ಟಾದ ಮೇಲೆ ಕಣ್ಣು ಮುಚ್ಚಿದರೆ ತೋಡು ದಾಟುವವನಿಗೆ ಫೋಟೋದವನ ಮುಖವೇ ಬರುತ್ತದೆ. ಅತ್ತೆಯವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಹಾಗೇ ನೆನಪಿದೆ. ಸುಳ್ಳು ಹೇಳುವ ಸಾಕ್ಷಿಯನ್ನು ಎದುರಿನ ವಕೀಲರ ಪಾಟೀಸವಾಲಿನಲ್ಲಿ, ಅಂದರೆ ಕ್ರಾಸ್‌ನಲ್ಲಿ ಹಿಡಿಯಬಹುದು. ಪ್ರಾಮಾಣಿಕವಾಗಿ ತಪ್ಪು ನೆನಪಿಟ್ಟುಕೊಂಡವರನ್ನು ಹಿಡಿಯುವುದು ಕಷ್ಟ, ಅದಕ್ಕೇ ಅದು ಹೆಚ್ಚು ಅಪಾಯ.

ಆ ಆರೋಪಿಯ ಪರ ನಾನೇ ವಕೀಲನಾಗಿದ್ದರೆ ಕ್ರಾಸ್ ಹೀಗೆ ಹೋಗುತ್ತಿತ್ತು:

"ಪೊಲೀಸರು ನಿಮ್ಮ ಹೇಳಿಕೆ ತೆಗೆದುಕೊಂಡದ್ದು ಮರುದಿನವೇ ಅಲ್ವಾ?"
"ಹೌದು."
"ಆಗ ಎಲ್ಲ ಸರಿಯಾಗಿ ನೆನಪಿತ್ತು?"
"ಇತ್ತು."
"ಮುಖ ನೋಡಿದ್ದೇನೆ ಅಂತ ಅವರಿಗೆ ಹೇಳಿದ್ದೀರಾ?"
"ಹೇಳಿದ್ದೇನೆ."
"ಮುಖ ಸರಿ ಕಾಣಲಿಲ್ಲ ಅಂತ ಅದರಲ್ಲಿ ಬರೆದಿದ್ದಾರಲ್ಲ?"
"ಅವರು ಹೇಗೆ ಬರೆದರೋ ನನಗೆ ಗೊತ್ತಿಲ್ಲ."
"ಆ ಮೇಲೆ ಚಾನೆಲ್‌ನವರು ನಿಮಗೊಂದು ಫೋಟೋ ತೋರಿಸಿದರು?"
"ತೋರಿಸಿದರು."
"ಅದಕ್ಕಿಂತ ಮೊದಲು ಇವರ ಮುಖವನ್ನು ನೀವು ಬೆಳಕಿನಲ್ಲಿ ಎಲ್ಲಿಯಾದರೂ ನೋಡಿದ್ದಿರಾ?"

ಇಲ್ಲಿ ಅತ್ತೆಯವರು ಏನು ಹೇಳಿದರೂ ನಾನು ಕುಳಿತುಬಿಡುತ್ತೇನೆ. ಇನ್ನೊಂದು ಪ್ರಶ್ನೆ ಕೇಳುವುದು ವಕೀಲನ ದಡ್ಡತನ.

ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದೊಂದೇ ಸಾಕ್ಷ್ಯವೂ ಆಗುವುದಿಲ್ಲ. ಅದರ ಮುಖ್ಯ ಉಪಯೋಗ ಆರೋಪಿಗೆ: ಅಂದು ಹಾಗೆ ಹೇಳಿ ಇಂದು ಹೀಗೆ ಹೇಳುತ್ತಿದ್ದೀರಿ ಎಂದು ತೋರಿಸಲು. ಅಂದು ಹೇಳದೆ ಬಿಟ್ಟ ಮುಖ್ಯ ಸಂಗತಿಯನ್ನು ಇಂದು ಸೇರಿಸಿದರೂ ಅದು ವೈರುಧ್ಯವೇ. ಕೋರ್ಟಿನ ಭಾಷೆಯಲ್ಲಿ ಇದಕ್ಕೆ ಇಂಪ್ರೂವ್‌ಮೆಂಟ್ ಎನ್ನುತ್ತೇವೆ, ಹೊಗಳಿಕೆಯ ಅರ್ಥದಲ್ಲಿ ಅಲ್ಲ. ವಿಡಿಯೋ ಇಲ್ಲದಿದ್ದರೆ ಈ ಮಾತು ಯಾಕೆ ಬದಲಾಯಿತು ಎಂದು ನಾನು ಊಹಿಸಬೇಕಿತ್ತು. ವಿಡಿಯೋ ಇರುವುದರಿಂದ ಬದಲಾದ ದಿನ, ಗಳಿಗೆ, ಬದಲಾಯಿಸಿದವರ ಧ್ವನಿ ಎಲ್ಲವೂ ನನ್ನ ಕೈಯಲ್ಲಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಸರ್ಟಿಫಿಕೇಟ್ ಇಟ್ಟು ಅದನ್ನು ಮಾರ್ಕ್ ಮಾಡಿಸಬಹುದು, ಅಂದರೆ ಕೋರ್ಟಿನ ದಾಖಲೆಗೆ ಸೇರಿಸಬಹುದು. ಎಡಿಟ್ ಆಗದ ಮೂಲ ಶೂಟಿಂಗ್ ತರಿಸಿ ಎಂದು ಕೇಳಲೂಬಹುದು.

ಇನ್ನು ಸಬ್ ಜೈಲಿನಲ್ಲಿ ನಡೆದದ್ದು. ಅದಕ್ಕೆ ಗುರುತು ಪತ್ತೆ ಪರೇಡ್ ಎನ್ನುತ್ತಾರೆ. ಹೋಲುವ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ, ಪೊಲೀಸರನ್ನು ದೂರ ಇಟ್ಟು, ಮ್ಯಾಜಿಸ್ಟ್ರೇಟರ ಎದುರು ಸಾಕ್ಷಿಯಿಂದ ತೋರಿಸುವುದು. ಸಾಕ್ಷಿ ತನ್ನ ನೆನಪಿನಿಂದಲೇ ತೋರಿಸುತ್ತಾರೆ ಎಂಬುದರಲ್ಲೇ ಅದರ ಬೆಲೆ ಇರುವುದು. ನಾಲ್ಕು ದಿನ ಮೊದಲು ಫೋಟೋ ನೋಡಿದ್ದರೆ ಅವರು ಗುರುತಿಸಿದ್ದು ಫೋಟೋವನ್ನು ಎಂದು ಯಾವ ವಕೀಲನಾದರೂ ವಾದಿಸುತ್ತಾನೆ. ಆ ವಾದ ಗೆಲ್ಲುವುದೂ ಉಂಟು. 2000ದಲ್ಲಿ ತಿರುವನಂತಪುರದ ಸೆಕ್ರೆಟೇರಿಯೆಟ್ ಎದುರಿನ ವಿದ್ಯಾರ್ಥಿ ಪ್ರತಿಭಟನೆ ಹಿಂಸೆಗೆ ತಿರುಗಿದ ಕೇಸಿನಲ್ಲಿ, ಪರೇಡಿಗೆ ಮೊದಲೇ ಆರೋಪಿಗಳನ್ನು ನೋಡುವ ಅವಕಾಶ ಸಾಕ್ಷಿಗಳಿಗೆ ಇತ್ತು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟು 2022ರಲ್ಲಿ ಆ ಗುರುತಿಸುವಿಕೆಯನ್ನು ಒಪ್ಪದೆ ಅವರನ್ನು ಬಿಡುಗಡೆ ಮಾಡಿತು. ಇಪ್ಪತ್ತೆರಡು ವರ್ಷದ ಮೇಲೆ.

ನಿಮ್ಮ ಕೇಸಿನಲ್ಲಿ ಸಮಾಧಾನದ ವಿಷಯ ಏನೆಂದರೆ, ಪರೇಡ್ ಎಂಬುದು ಊರುಗೋಲು ಮಾತ್ರ. ಅದು ಮುರಿದರೂ ಕೇಸಿಗೆ ಬೇರೆ ಕಾಲಿದ್ದರೆ ನಡೆಯುತ್ತದೆ. ಆರೋಪಿ ತೋರಿಸಿದ ಜಾಗದಲ್ಲೇ ಸರ ಸಿಕ್ಕಿದ್ದರೆ, ಮಹಜರಿಗೆ ಸಹಿ ಹಾಕಿದವರು ಕೋರ್ಟಿನಲ್ಲಿ ಹೌದು ಎಂದರೆ, ಅದು ಅಜ್ಜಿಯದೇ ಸರ ಎಂದು ಮನೆಯವರು ಗುರುತಿಸಿದರೆ, ಮೊಬೈಲ್ ಟವರ್ ದಾಖಲೆ ಹೊಂದಿಕೆಯಾದರೆ, ಅತ್ತೆಯವರ "ಇವನೇ" ಇಲ್ಲದೆಯೂ ಕೇಸು ನಿಂತೀತು. ಪಿಪಿಯವರನ್ನು (ಸರ್ಕಾರದ ಪರ ಕೇಸು ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರ್) ಕೇಳಿ.

ಒಂದು ಮಾತು ನಿಮಗೆ ಇಷ್ಟವಾಗಲಿಕ್ಕಿಲ್ಲ. ಹಿಡಿದವನೇ ಕೊಂದವನು ಎಂದು ನಿಮ್ಮ ಪತ್ರದ ಒಂದೊಂದು ಸಾಲೂ ನಂಬಿಕೊಂಡಿದೆ. ಇರಬಹುದು. ಆದರೆ ಅತ್ತೆಯವರು ಮೊದಲ ದಿನ, ಯಾವ ಫೋಟೋವನ್ನೂ ನೋಡದೆ ಹೇಳಿದ ಮಾತು "ಮುಖ ಸರಿ ಕಾಣಲಿಲ್ಲ". ಅದೇ ಸತ್ಯವಾಗಿದ್ದರೆ ಆ ಸಂಶಯದ ಲಾಭ ಅವನಿಗೆ ಸಿಗಲೇಬೇಕು, ಅದರಿಂದ ಕೇಸು ಹಾಳಾಯಿತು ಎನ್ನುವಂತಿಲ್ಲ. ತಪ್ಪಾದವನು ಒಳಗೆ ಹೋದರೆ ಆ ತೋಡು ದಾಟಿದವನು ಇನ್ನೂ ಹೊರಗೆ ಇದ್ದಾನೆ ಎಂದೇ ಅರ್ಥ.

ಕ್ರೈಂ ಕಥೆಗಳ ಮೇಲಿನ ಜನರ ಹುಚ್ಚಿನಿಂದ ಕೆಟ್ಟದ್ದೇ ಆಗಿದೆ ಎಂದು ಹೇಳಲಾರೆ. ದೆಹಲಿಯ ಜೆಸಿಕಾ ಲಾಲ್ ಕೊಲೆ ಕೇಸಿನಲ್ಲಿ ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ತಿರುಗಿಬಿದ್ದು 2006ರ ಫೆಬ್ರವರಿಯಲ್ಲಿ ಎಲ್ಲರೂ ಬಿಡುಗಡೆಯಾದಾಗ ಪತ್ರಿಕೆ, ಟಿವಿ, ಬೀದಿ ಎಲ್ಲ ಕಡೆ ಕೂಗು ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, ಮಾಧ್ಯಮ ವಿಚಾರಣೆಯ ಅಪಾಯದ ಬಗ್ಗೆ ಎಚ್ಚರಿಕೆಯನ್ನೂ ಅದೇ ತೀರ್ಪಿನಲ್ಲಿ ಬರೆಯಿತು. ಕೂಗಿನಿಂದ ಮೇಲ್ಮನವಿಗೆ ವೇಗ ಬಂದಿರಬಹುದು, ಶಿಕ್ಷೆಯಾದದ್ದು ಮಾತ್ರ ದಾಖಲೆಯಲ್ಲಿದ್ದ ಸಾಕ್ಷ್ಯದಿಂದ.

ಎರಡೂ ಮುಖ ಒಂದೇ ಕಡೆ ಕಾಣಬೇಕೆಂದರೆ ಆಸ್ಟ್ರೇಲಿಯಾದ ಕ್ರಿಸ್ ಡಾಸನ್ ಕೇಸು ನೋಡಬೇಕು. 1982ರಲ್ಲಿ ಅವನ ಹೆಂಡತಿ ಲಿನೆಟ್ ಕಾಣೆಯಾದಳು. ದೇಹ ಇವತ್ತಿಗೂ ಸಿಕ್ಕಿಲ್ಲ. ದಶಕಗಟ್ಟಲೆ ಯಾರ ಮೇಲೂ ಕೇಸಿಲ್ಲ. 2018ರಲ್ಲಿ ಆ ಕುರಿತು ಬಂದ ಒಂದು ಪಾಡ್‌ಕಾಸ್ಟನ್ನು ಲೋಕವೆಲ್ಲ ಕೇಳಿತು, ಹಳೆಯ ಪರಿಚಯದವರು ಮಾತಾಡತೊಡಗಿದರು, ಆ ವರ್ಷದ ಕೊನೆಗೆ ಅವನ ಬಂಧನವಾಯಿತು. ಪಾಡ್‌ಕಾಸ್ಟಿನವರಿಗೆ ಜಯವಾಯಿತು ಎಂದುಕೊಳ್ಳುವಷ್ಟರಲ್ಲಿ ಕಷ್ಟ ಶುರುವಾಯಿತು. ಇಷ್ಟು ಪ್ರಚಾರವಾದ ಮೇಲೆ ನ್ಯಾಯವಾದ ವಿಚಾರಣೆ ಎಲ್ಲಿ ಎಂದು ಅವನ ವಕೀಲರು ಕೇಸನ್ನೇ ಶಾಶ್ವತವಾಗಿ ನಿಲ್ಲಿಸಲು ಕೇಳಿದರು. ಕೋರ್ಟು ಒಪ್ಪಲಿಲ್ಲ, ಆದರೆ ಗದ್ದಲ ತಣಿಯಲಿ ಎಂದು ತಿಂಗಳುಗಟ್ಟಲೆ ವಿಚಾರಣೆ ತಡೆಹಿಡಿಯಿತು. ಪಾಡ್‌ಕಾಸ್ಟನ್ನು ಆ ದೇಶದಲ್ಲಿ ಕೇಳದಂತೆ ತೆಗೆದರು. ಜ್ಯೂರಿ ಬೇಡವೆಂದು ಜಡ್ಜರೊಬ್ಬರೇ ವಿಚಾರಣೆ ನಡೆಸಿದರು. 2022ರ ಆಗಸ್ಟಿನಲ್ಲಿ ಅವನು ತಪ್ಪಿತಸ್ಥನೆಂದು ತೀರ್ಪಾಯಿತು. ಆ ತೀರ್ಪಿನಲ್ಲೂ, ಪಾಡ್‌ಕಾಸ್ಟಿನಿಂದ ಕೆಲವು ಸಾಕ್ಷಿಗಳ ನೆನಪು ಕಲಬೆರಕೆಯಾಗಿರಬಹುದು ಎಂಬುದನ್ನು ಜಡ್ಜರು ತೂಗಿ ನೋಡಬೇಕಾಯಿತು. ಕೇಸು ಎದ್ದದ್ದೂ ಅದರಿಂದ, ಬೀಳಲಿದ್ದದ್ದೂ ಅದರಿಂದಲೇ.

ನಮ್ಮ ಕಡೆಯ ಉದಾಹರಣೆ ನಿಮಗೂ ಗೊತ್ತು, ಸಯನೈಡ್ ಮೋಹನ್. 2009ರಲ್ಲಿ ಸಿಕ್ಕಿಬಿದ್ದ. ಟಿವಿಯಲ್ಲಿ, ಯೂಟ್ಯೂಬಿನಲ್ಲಿ ಆ ಕಥೆ ಒಂದು ಗಂಟೆಯಲ್ಲಿ ಮುಗಿಯುತ್ತದೆ: ಬಸ್‌ಸ್ಟ್ಯಾಂಡು, ಮದುವೆಯ ಮಾತು, ಲಾಡ್ಜು, ಗುಳಿಗೆ. ಮಂಗಳೂರಿನ ಕೋರ್ಟಿನಲ್ಲಿ ಆದದ್ದು ಹಾಗಲ್ಲ. ಇಪ್ಪತ್ತು ಹೆಂಗಸರ ಕೊಲೆಯ ಕೇಸುಗಳನ್ನು ಬೇರೆ ಬೇರೆಯಾಗಿ ನಡೆಸಬೇಕಾಯಿತು. ಕಾಸರಗೋಡಿನ ಹುಡುಗಿಯದು ಕೊನೆಯದು, ಅದರ ತೀರ್ಪು ಬಂದದ್ದು 2020ರಲ್ಲಿ. ಒಬ್ಬಳನ್ನು ಕೊಂದವನು ಇನ್ನೊಬ್ಬಳನ್ನೂ ಕೊಂದಿರಬೇಕು ಎಂಬುದು ಕಥೆಗೆ ಸಾಕು, ಕೋರ್ಟಿಗೆ ಸಾಲದು. ಇಂಥವನ್ನು ದಿನಾ ನೋಡುವ ಮನೆಯವರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು "ಡಿಎನ್‌ಎ ಯಾಕೆ ಮಾಡಲಿಲ್ಲ, ಪೊಲೀಸರು ದುಡ್ಡು ತಿಂದಿದ್ದಾರಾ?" ಎಂದು. ಆಟಿಯ ಮಳೆಯಲ್ಲಿ ತೊಳೆದುಹೋದ ಅಂಗಳದಲ್ಲಿ ಡಿಎನ್‌ಎ ಎಲ್ಲಿಂದ ತರುವುದು? ಇದ್ದರೂ ಲ್ಯಾಬಿನ ವರದಿಗೆ ತಿಂಗಳುಗಟ್ಟಲೆ ಕಾಯಬೇಕು. ನೀವು ನೋಡುವುದನ್ನು ಬಿಡಿ ಎನ್ನುವುದಿಲ್ಲ, ನಾನೂ ನೋಡುತ್ತೇನೆ. ಅತ್ತೆಯವರ ಎದುರು ಮಾತ್ರ ಹಾಕಬೇಡಿ, ಕೇಸು ಮುಗಿಯುವವರೆಗೆ.

ಇನ್ನು ನೀವು ಏನು ಮಾಡಬಹುದು.

ವಿಡಿಯೋ ತೆಗೆಸುವ ಕೆಲಸಕ್ಕೆ ಹೋಗಬೇಡಿ. ಸಾಕ್ಷ್ಯವಾಗಬಹುದಾದ ದಾಖಲೆಯನ್ನು ಕೋರ್ಟಿಗೆ ಸಿಗದಂತೆ ನಾಶಮಾಡುವುದು ಅಪರಾಧ, ಎಲೆಕ್ಟ್ರಾನಿಕ್ ದಾಖಲೆಗೂ ಇದು ಅನ್ವಯ. ಅಲ್ಲದೆ ಆರೋಪಿಯ ವಕೀಲರ ಬಳಿ ಅದು ಯಾವತ್ತೋ ಡೌನ್‌ಲೋಡ್ ಆಗಿರುತ್ತದೆ. ನೀವು ತೆಗೆಸಿದರೆ "ಯಾಕೆ ತೆಗೆಸಿದಿರಿ?" ಎಂಬ ಇನ್ನೊಂದು ಪ್ರಶ್ನೆಯನ್ನು ಅವರ ಕೈಗೆ ಕೊಟ್ಟ ಹಾಗಾಗುತ್ತದೆ.

ಮಗನ ವಿಷಯ ಬೇರೆ. ಅಪರಾಧಕ್ಕೆ ಸಾಕ್ಷಿಯಾದ ಮಗುವಿನ ಹೆಸರು, ಮುಖ, ಶಾಲೆ, ವಿಳಾಸ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗಪಡಿಸಬಾರದು ಎಂದು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅವನು ಏನಾದರೂ ಕಂಡಿದ್ದಾನೆ, ಕೇಳಿದ್ದಾನೆ ಎಂದಾದರೆ ಇದು ನೇರವಾಗಿ ಅನ್ವಯಿಸುತ್ತದೆ. ಮೂಲ ವಿಡಿಯೋವನ್ನು ಹಾಗೆಯೇ ಉಳಿಸಿಕೊಂಡು, ಸಾರ್ವಜನಿಕರು ನೋಡುವ ಪ್ರತಿಯಲ್ಲಿ ಮಗನ ಮುಖ ಮಸುಕು ಮಾಡಿ, ಅವನ ಮಾತು ಕತ್ತರಿಸಿ ಎಂದು ಚಾನೆಲ್‌ಗೂ ಯೂಟ್ಯೂಬಿನ ದೂರು ಅಧಿಕಾರಿಗೂ ಬರೆಯಿರಿ. ಬರೆದದ್ದರ ಪ್ರತಿ ಇಟ್ಟುಕೊಳ್ಳಿ.

ಎರಡನೇ ಚಾನೆಲ್‌ಗೆ ಇಲ್ಲ ಎನ್ನಿ, ಅವರು ಎಷ್ಟು ಒಳ್ಳೆಯವರಾದರೂ. ಸಾಕ್ಷಿ ಮುಗಿದ ಮೇಲೂ ಬೇಡ, ಯಾಕೆಂದರೆ ಕೋರ್ಟು ಒಮ್ಮೆ ವಿಚಾರಿಸಿದ ಸಾಕ್ಷಿಯನ್ನು ಮತ್ತೆ ಕರೆಸಬಹುದು. ತೀರ್ಪಿನ ಮರುದಿನ ಬೇಕಾದರೆ ಮಾತಾಡಲಿ.

ಚಾನೆಲ್ ಮೇಲೆ ನ್ಯಾಯಾಂಗ ನಿಂದನೆ ಹಾಕಿಸಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಖಾಸಗಿಯವರು ಅದನ್ನು ಎತ್ತಬೇಕಾದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಬೇಕು. 1971ರ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸು ಬಾಕಿ ಎಂದು ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಚಾರ್ಜ್‌ಶೀಟ್ ಬಿದ್ದ ಮೇಲೆ. ನಿಮ್ಮ ವಿಡಿಯೋ ಬಂದದ್ದು ಅದಕ್ಕಿಂತ ಮೊದಲು. ಈ ಅವಧಿ ಬಂಧನದಿಂದಲೇ ಶುರುವಾಗಲಿ ಎಂದು ಕಾನೂನು ಆಯೋಗ 2006ರ ತನ್ನ 200ನೇ ವರದಿಯಲ್ಲಿ ಹೇಳಿತ್ತು. ಕಾಯ್ದೆ ಬದಲಾಗಲಿಲ್ಲ. ನಿಮ್ಮ ಶಕ್ತಿ ಅಲ್ಲಿ ಹಾಳಾಗುವುದು ಬೇಡ.

ಮುಖ್ಯ ಕೆಲಸ ಒಂದಿದೆ. ವಿಚಾರಣೆಯ ದಿನಕ್ಕೆ ಮೊದಲೇ ಪಬ್ಲಿಕ್ ಪ್ರಾಸಿಕ್ಯೂಟರ್ ಕಚೇರಿಗೆ ಹೋಗಿ ವಿಡಿಯೋದ ವಿಷಯವನ್ನು ಇದ್ದ ಹಾಗೆ ಹೇಳಿ: ಯಾವ ದಿನ ಶೂಟಿಂಗ್, ಫೋಟೋ ತೋರಿಸಿದ್ದು ಯಾರು, ಪರೇಡ್ ಯಾವಾಗ. ಪಿಪಿಯವರಿಗೆ ಎರಡು ಮೂರು ದಾರಿಗಳಿವೆ. ಚೀಫ್ ವಿಚಾರಣೆಯಲ್ಲೇ, ಅಂದರೆ ಎದುರಿನ ವಕೀಲರಿಗಿಂತ ಮೊದಲು ತಾವು ಪ್ರಶ್ನೆ ಕೇಳುವಾಗಲೇ, ಅದನ್ನು ತಾವಾಗಿ ಕೇಳಿ ಹೊರಗೆ ಹಾಕಬಹುದು. ಆಗ ಪರೇಡ್ ದುರ್ಬಲವಾಗುತ್ತದೆ, ಆದರೆ ಅತ್ತೆಯವರು ಏನನ್ನೂ ಬಚ್ಚಿಟ್ಟವರಲ್ಲ ಎಂದು ಜಡ್ಜರಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇದೇ ಒಳ್ಳೆಯದು. ಅಥವಾ ಅತ್ತೆಯವರಿಂದ ಗುರುತಿಸುವ ಮಾತು ಬಿಟ್ಟು ಸಮಯ, ಜಾಗ, ಓಡಿದವನ ಉಡುಪು ಇಷ್ಟನ್ನೇ ಹೇಳಿಸಬಹುದು. ಅವರನ್ನು ಸಾಕ್ಷಿ ಪಟ್ಟಿಯಿಂದಲೇ ಬಿಡುವುದೂ ಸಾಧ್ಯ, ಆದರೆ ಓಡಿದವನನ್ನು ಕಂಡ ಸಾಕ್ಷಿಯನ್ನೇ ಬಿಟ್ಟದ್ದು ಯಾಕೆ ಎಂದು ಎದುರಿನವರು ಕೇಳುತ್ತಾರೆ. ಏನನ್ನೂ ಹೇಳದೆ, ಅವರು ಕೇಳಲಿಕ್ಕಿಲ್ಲ ಎಂದು ದೇವರ ಮೇಲೆ ಭಾರ ಹಾಕಿ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅವರು ಕೇಳುತ್ತಾರೆ.

ಅತ್ತೆಯವರಿಗೆ ಶಿಕ್ಷೆಯ ಭಯ ಬೇಡ. ವಿಡಿಯೋದಲ್ಲಿ ಹೇಳಿದ್ದು ಪ್ರಮಾಣ ಮಾಡಿ ಹೇಳಿದ್ದಲ್ಲ. ಕೋರ್ಟಿನಲ್ಲಿ ಅದಕ್ಕಿಂತ ಬೇರೆ ಹೇಳಿದರೆ ಅದಷ್ಟಕ್ಕೇ ಸುಳ್ಳುಸಾಕ್ಷಿಯ ಕೇಸಾಗುವುದಿಲ್ಲ. ಪ್ರಮಾಣ ಮಾಡಿ, ತಿಳಿದೂ ತಿಳಿದೂ ಸುಳ್ಳು ಹೇಳಿದರೆ ಮಾತ್ರ ತೊಂದರೆ. ವಿಡಿಯೋಕ್ಕೆ ಹೊಂದಿಸಿ ಮಾತಾಡಬೇಕು ಎಂಬ ಹಟ ಅವರನ್ನು ಅಲ್ಲಿಗೇ ತಳ್ಳಬಹುದು. "ಫೋಟೋ ತೋರಿಸಿದಾಗ ಇವನೇ ಅಂತ ಅನ್ನಿಸಿತು, ಆ ದಿನ ಮುಖ ಸರಿ ಕಂಡಿರಲಿಲ್ಲ" ಎಂಬುದು ನಿಜವಾಗಿದ್ದರೆ ಹಾಗೇ ಹೇಳಲಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಲಿ. ಏನು ಹೇಳಬೇಕೆಂದು 'ಪ್ರಾಕ್ಟೀಸ್' ಮಾಡಿಸುವ ಕೆಲಸ ನಿಮ್ಮ ಮನೆಯಲ್ಲಿ ಯಾರೂ ಮಾಡಬಾರದು, ಮುಖ್ಯವಾಗಿ ವಿಡಿಯೋ ಹಾಕಿಕೊಂಡು.

ಅಂಗಡಿಯಲ್ಲಿ ಸಿಕ್ಕಿದವನ ನಗುವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬೆದರಿಕೆಯೋ ಬರೀ ಕೊಂಕೋ ಎಂದು ನಿರ್ಧರಿಸುವುದು ನಿಮ್ಮ ಕೆಲಸವಲ್ಲ. ದಿನ, ಸಮಯ, ಆಡಿದ ಮಾತು, ಅಲ್ಲಿದ್ದವರು ಯಾರು ಎಂದು ಬರೆದು ಠಾಣೆಗೂ ಪಿಪಿಯವರಿಗೂ ಕೊಡಿ. ಸುಳ್ಳು ಹೇಳಿಸಲು ಸಾಕ್ಷಿಯನ್ನು ಬೆದರಿಸುವುದು ಬೇರೆಯೇ ಅಪರಾಧ, ಜಾಮೀನು ರದ್ದಿಗೂ ಕಾರಣವಾಗಬಹುದು. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿ ದೇಶಕ್ಕೆಲ್ಲ ಜಾರಿ ಮಾಡಿದ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ, ಜಿಲ್ಲಾ ಸೆಷನ್ಸ್ ಜಡ್ಜರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರು ಅಪಾಯ ಎಷ್ಟೆಂದು ವರದಿ ಕೊಡುತ್ತಾರೆ. ಗಸ್ತು, ಕೋರ್ಟಿಗೆ ಹೋಗಿಬರಲು ಕಾವಲು, ಆರೋಪಿಯ ಮುಖ ಎದುರಾಗದಂತೆ ಸಾಕ್ಷಿ ಹೇಳುವ ವ್ಯವಸ್ಥೆ ಇವೆಲ್ಲ ಅದರಲ್ಲಿ ಸಾಧ್ಯ. ಅರ್ಜಿ ಹಾಕಿದ್ದು ಊರಿಗೆ ಗೊತ್ತಾದೀತು ಎಂಬ ಅಂಜಿಕೆ ಇರುತ್ತದೆ. ಆದರೆ ವಿಡಿಯೋದಲ್ಲಿ ಅತ್ತೆಯವರ ಮುಖವೂ ನಿಮ್ಮ ಮನೆಯ ದಾರಿಯೂ ಬಂದಾಗಿದೆ.

ಕೊನೆಯದು ನಮ್ಮ ಜಿಲ್ಲೆಗೇ ವಿಶೇಷವಾದ ತೊಡಕು. ಅತ್ತೆಯವರು ಹೇಳುವುದು ಕನ್ನಡದಲ್ಲಿ, ನಡುವೆ ತುಳು. ಕೋರ್ಟಿನ ದಾಖಲೆ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. "ಕಂಡ ಹಾಗೆ ಆಯಿತು" ಎಂದದ್ದು "ಕಂಡೆ" ಎಂದು ದಾಖಲಾದರೆ ಮತ್ತೊಂದು ಇಂಪ್ರೂವ್‌ಮೆಂಟ್. ಮಲಯಾಳ ಅರ್ಧಂಬರ್ಧ ಬರುತ್ತದೆಂದು ಅದರಲ್ಲೇ ಉತ್ತರಿಸಲು ಹೋಗುವುದು ಬೇಡ. ನನಗೆ ಕನ್ನಡದಲ್ಲಿ ಹೇಳಬೇಕು ಎಂದು ಪಿಪಿಯವರಿಗೆ ಮೊದಲೇ ತಿಳಿಸಿದರೆ ಭಾಷಾಂತರಕಾರರ ವ್ಯವಸ್ಥೆಯಾಗುತ್ತದೆ. ಹೇಳಿಕೆ ಮುಗಿದ ಮೇಲೆ ಬರೆದದ್ದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು ಎಂದು ಕಾನೂನಿದೆ. ಸಂಜೆಯಾಯಿತು, ಬಸ್ಸು ತಪ್ಪುತ್ತದೆ ಎಂದು ಕೇಳಿಸಿಕೊಳ್ಳದೆ ಸಹಿ ಹಾಕಿ ಬರಬೇಡಿ. ಆ ದಿನ ಬೆಳಿಗ್ಗೆ ಬೇಗ ಕೋರ್ಟಿರುವ ವಿದ್ಯಾನಗರಕ್ಕೆ ಬಂದು, ಹೊರಗಿನ ಜಗಲಿಯಲ್ಲಿ ಆರೋಪಿಯ ಕಡೆಯವರ ಎದುರು ಕಾಯದೆ ನೇರ ಪಿಪಿ ಕಚೇರಿಯಲ್ಲಿ ಅತ್ತೆಯವರನ್ನು ಕೂರಿಸಿ. ಕೋರ್ಟಿನ ಒಳಗೆ ಹೋಗುವ ಮೊದಲು ಅವರ ಕನ್ನಡಕ ಮರೆಯದೆ ಕೊಡಿ. ಎದುರಿನ ವಕೀಲರು ಟ್ಯಾಬ್ ತೆರೆದು ವಿಡಿಯೋ ತೋರಿಸಿದರೆ, ಪೂರ್ತಿ ನೋಡಿದ ಮೇಲೆಯೇ ಉತ್ತರ ಕೊಡುತ್ತೇನೆ ಎಂದು ಅತ್ತೆಯವರು ಜಡ್ಜರನ್ನು ಕೇಳಿಕೊಳ್ಳಬಹುದು.